6-0, 6-0ರಿಂದ ಸೋತವರು ಮುಂದಿನ ಭೇಟಿಯಲ್ಲಿ ಗೆದ್ದದ್ದು ಹೇಗೆ?

ಓದುಗರ ಪ್ರಶ್ನೆ: 2025ರ ವಿಂಬಲ್ಡನ್ ಫೈನಲ್‌ನಲ್ಲಿ ಇಗಾ ಶ್ವಾಂಟೆಕ್ ಎದುರು ಒಂದು ಗೇಮ್ ಕೂಡ ಗೆಲ್ಲಲಾಗದೆ ಸೋತ ಅಮಾಂಡಾ ಅನಿಸಿಮೋವಾ, ಎರಡು ತಿಂಗಳು ಕಳೆಯುವ ಮೊದಲೇ ಅಮೆರಿಕ ಓಪನ್‌ನಲ್ಲಿ ಅದೇ ಶ್ವಾಂಟೆಕ್ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು. ಹೀಗಿರುವಾಗ ಆಟಗಾರರ ಫಾರ್ಮ್, ಮುಂದಿನ ಪಂದ್ಯದ ತಂತ್ರ ಎಂದೆಲ್ಲ ಅಭಿಮಾನಿಗಳು ಗಂಟೆಗಟ್ಟಲೆ ನಡೆಸುವ ಚರ್ಚೆಗೆ ಅರ್ಥವಿದೆಯೇ?

ಖಂಡಿತ ಅರ್ಥವಿದೆ. ಟೆನಿಸ್ ನೋಡುವ ಸುಖದಲ್ಲಿ ಅರ್ಧ ಪಾಲು ಈ ಚರ್ಚೆಯಲ್ಲೇ ಇದೆ ಎಂದು ನಂಬಿದವನು ನಾನು. ಆದರೆ ನಮ್ಮಲ್ಲಿ ಹೆಚ್ಚಿನವರು ಚರ್ಚೆ ಆರಂಭಿಸುವುದು ಸ್ಕೋರಿನಿಂದ. ಯಾರು ಯಾರನ್ನು ಎಷ್ಟು ಅಂತರದಿಂದ ಸೋಲಿಸಿದರು ಎಂಬುದು ಕಳೆದ ಪಂದ್ಯ ಹೇಗೆ ಮುಗಿಯಿತು ಎಂದಷ್ಟೇ ಹೇಳುತ್ತದೆ. ಏಕೆ ಹಾಗೆ ಮುಗಿಯಿತು, ಆ ಕಾರಣ ಮುಂದಿನ ಪಂದ್ಯದ ದಿನವೂ ಉಳಿದಿರುತ್ತದೆಯೇ ಎಂಬುದು ಬೇರೆಯೇ ವಿಚಾರ. ಮುಂದಿನ ಪಂದ್ಯದ ಬಗ್ಗೆ ಹೇಳಬೇಕಾದರೆ ಬೇಕಾಗಿರುವುದು ಈ ಎರಡನೆಯದು.

ನೀವು ಕೇಳಿದ ಉದಾಹರಣೆಯನ್ನೇ ಬಿಡಿಸಿ ನೋಡೋಣ. ಜುಲೈ 12ರ ಆ ಫೈನಲ್ ಮುಗಿಯಲು ಹಿಡಿದದ್ದು 57 ನಿಮಿಷ. ಗ್ರ್ಯಾಂಡ್‌ಸ್ಲಾಮ್ ಮಹಿಳಾ ಫೈನಲ್ ಒಂದು 6-0, 6-0ರಿಂದ ಮುಗಿದದ್ದು 1988ರ ಫ್ರೆಂಚ್ ಓಪನ್‌ನಲ್ಲಿ ಸ್ಟೆಫಿ ಗ್ರಾಫ್ ಅವರು ನತಾಶಾ ಜ್ವೆರೆವಾ ಅವರನ್ನು ಸೋಲಿಸಿದ ಮೇಲೆ ಅದೇ ಮೊದಲು. ಅನಿಸಿಮೋವಾ ಅವರಿಗೆ ಅದು ಮೊದಲ ಗ್ರ್ಯಾಂಡ್‌ಸ್ಲಾಮ್ ಫೈನಲ್. ಸೆಮಿಫೈನಲ್‌ನಲ್ಲಿ ಅವರು ಅಗ್ರ ಶ್ರೇಯಾಂಕದ ಅರಿನಾ ಸಬಲೆಂಕಾ ಜೊತೆ ಬಿಸಿಲಿನಲ್ಲಿ ಎರಡೂವರೆ ಗಂಟೆಗೂ ಹೆಚ್ಚು ಕಾದಾಡಿ ಬಂದಿದ್ದರು. ಶ್ವಾಂಟೆಕ್ ತಮ್ಮ ಸೆಮಿಫೈನಲ್‌ನಲ್ಲಿ ಬೆಲಿಂಡಾ ಬೆಂಚಿಚ್ ಅವರಿಗೆ ಬಿಟ್ಟುಕೊಟ್ಟದ್ದು ಎರಡೇ ಗೇಮ್. ಒತ್ತಡದಿಂದ ಮೈ ಮರಗಟ್ಟಿದಂತಾಗಿತ್ತು ಎಂಬ ಅರ್ಥದ ಮಾತನ್ನು ಫೈನಲ್ ನಂತರ ಸ್ವತಃ ಅನಿಸಿಮೋವಾ ಆಡಿದರು. ಅಂದು ಅವರ ಸರ್ವ್ ಕೈಹಿಡಿಯಲಿಲ್ಲ, ಹೊಡೆತಗಳು ಗೆರೆಯೊಳಗೆ ಬೀಳಲಿಲ್ಲ. ಹೀಗೆ ಆ ಸೋಲಿನ ಹಿಂದಿದ್ದ ಕಾರಣಗಳಲ್ಲಿ ದೊಡ್ಡ ಪಾಲು ಆ ದಿನಕ್ಕಷ್ಟೇ ಸೇರಿದ್ದವು.

ಅಮೆರಿಕ ಓಪನ್‌ನ ಎಂಟರ ಘಟ್ಟದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಅವರ ಹೊಡೆತಗಳ ಸ್ವರೂಪವೇನೂ ಬದಲಾಗಿರಲಿಲ್ಲ. ಶ್ವಾಂಟೆಕ್ ಅವರದು ಉದ್ದನೆಯ ಸ್ವಿಂಗ್, ಭಾರೀ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ಕೊಡುವ ತಿರುಗು) ಇರುವ ಫೋರ್‌ಹ್ಯಾಂಡ್. ಅದಕ್ಕೆ ಸಮಯ ಬೇಕು. ಅನಿಸಿಮೋವಾ ಅವರದು ಚೆಂಡು ಮೇಲೇಳುವಾಗಲೇ ಎದುರಿಸಿ ಚಪ್ಪಟೆಯಾಗಿ, ವೇಗವಾಗಿ ಹೊಡೆಯುವ ಶೈಲಿ. ಎರಡು ಕೈಗಳ ಬ್ಯಾಕ್‌ಹ್ಯಾಂಡ್ ಅವರ ದೊಡ್ಡ ಅಸ್ತ್ರ. ಈ ಶೈಲಿ ಕೈಗೂಡಿದ ದಿನ ಶ್ವಾಂಟೆಕ್‌ಗೆ ಬೇಕಾದ ಸಮಯ ಸಿಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಆದದ್ದು ಅದೇ. ಮೊದಲ ಸರ್ವ್ ತಪ್ಪಿದಾಗ ಎದುರಾಳಿ ಹಾಕುವ ಎರಡನೇ ಸರ್ವ್ ಮೇಲೆ ಅನಿಸಿಮೋವಾ ಮುಂದೆ ನುಗ್ಗಿ ದಾಳಿ ಮಾಡಿದರು. 6-4, 6-3ರಿಂದ ಗೆದ್ದರು. ಆ ಪಂದ್ಯಕ್ಕೆ ಮುನ್ನ ಅವರು ವಿಂಬಲ್ಡನ್ ಫೈನಲ್‌ನ ದೃಶ್ಯಗಳನ್ನು ಮತ್ತೆ ಕುಳಿತು ನೋಡಿದ್ದರು ಎಂಬ ಸಂಗತಿ ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು. ಅಷ್ಟು ನೋವು ಕೊಟ್ಟ 57 ನಿಮಿಷಗಳನ್ನು ಇನ್ನೊಮ್ಮೆ ನೋಡಲು ಎಂಥ ಎದೆಗಾರಿಕೆ ಬೇಕು!

ಇದೇ ಮಾತು ಶ್ವಾಂಟೆಕ್ ಅವರಿಗೂ ಅನ್ವಯಿಸುತ್ತದೆ. ವಿಂಬಲ್ಡನ್‌ಗೆ ಮುಂಚೆ ಅವರ ಫಾರ್ಮ್ ಬಗ್ಗೆ ಕೇಳಿದ್ದರೆ ಯಾರಾದರೂ ತಲೆಯಾಡಿಸುತ್ತಿದ್ದರು. 2024ರ ಫ್ರೆಂಚ್ ಓಪನ್ ನಂತರ ಒಂದೂ ಪ್ರಶಸ್ತಿ ಇರಲಿಲ್ಲ. 2025ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಸಬಲೆಂಕಾ ಎದುರು ಕೊನೆಯ ಸೆಟ್ಟನ್ನು 6-0ಯಿಂದ ಕಳೆದುಕೊಂಡಿದ್ದರು. ಹುಲ್ಲಿನಂಕಣ ಅವರಿಗೆ ಒಗ್ಗುವುದಿಲ್ಲ ಎಂಬುದು ವೇದವಾಕ್ಯವೇ ಆಗಿತ್ತು. ವಿಂಬಲ್ಡನ್‌ನಲ್ಲಿ ಅವರು ಅದುವರೆಗೆ ಎಂಟರ ಘಟ್ಟ ದಾಟಿರಲಿಲ್ಲ. ಆದರೆ ವಿಂಬಲ್ಡನ್‌ಗೆ ಮುಂಚೆ ಜರ್ಮನಿಯ ಬ್ಯಾಡ್ ಹೊಂಬರ್ಗ್‌ನ ಹುಲ್ಲಿನಂಕಣದಲ್ಲಿ ಫೈನಲ್ ತಲುಪಿ ಜೆಸ್ಸಿಕಾ ಪೆಗುಲಾಗೆ ಸೋತಿದ್ದರಲ್ಲ, ಆ ವಾರವನ್ನು ಗಮನವಿಟ್ಟು ನೋಡಿದವರಿಗೆ ಹುಲ್ಲಿನ ಮೇಲೆ ಅವರ ಓಡಾಟ ಸುಧಾರಿಸಿದ್ದು ಕಂಡಿತ್ತು. ಪಟ್ಟಿಯಲ್ಲಿ ಅದು ಇನ್ನೊಂದು ಸೋಲು ಮಾತ್ರ.

ಸ್ಕೋರು ಇಷ್ಟು ದಾರಿ ತಪ್ಪಿಸುವುದೇಕೆ? ಟೆನಿಸ್‌ನ ಲೆಕ್ಕಾಚಾರವೇ ಹಾಗಿದೆ. ರೋಜರ್ ಫೆಡರರ್ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ತಮ್ಮದೇ ಅಂಕಿಅಂಶ ಇಟ್ಟಿದ್ದರು: ವೃತ್ತಿಜೀವನದಲ್ಲಿ ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದರೂ, ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ. 150 ಪಾಯಿಂಟ್‌ಗಳ ಪಂದ್ಯವೆಂದುಕೊಂಡರೆ ಅದು 81–69. ಹನ್ನೆರಡು ಪಾಯಿಂಟ್‌ಗಳ ಈ ಅಂತರದಲ್ಲಿ ಒಬ್ಬ ಸಾರ್ವಕಾಲಿಕ ಶ್ರೇಷ್ಠ ಆಟಗಾರ ನಿಂತಿದ್ದ. ಪಂದ್ಯಕ್ಕೆ ಆರೇಳು ಪಾಯಿಂಟ್‌ಗಳು ಆ ಕಡೆಯಿಂದ ಈ ಕಡೆಗೆ ಸರಿದರೆ ಸಾಕು, ಗೆಲ್ಲುತ್ತಿದ್ದವನು ಸೋಲತೊಡಗುತ್ತಾನೆ, ನಾವು ‘ಫಾರ್ಮ್ ಹೋಯಿತು’ ಎನ್ನುತ್ತೇವೆ.

ಅದಕ್ಕಿಂತಲೂ ನೋವಿನ ಉದಾಹರಣೆ 2019ರ ವಿಂಬಲ್ಡನ್ ಫೈನಲ್. ಫೆಡರರ್ ಗೆದ್ದ ಪಾಯಿಂಟ್‌ಗಳು 218, ನೊವಾಕ್ ಜೊಕೊವಿಚ್ ಗೆದ್ದದ್ದು 204. ಐದನೇ ಸೆಟ್‌ನಲ್ಲಿ 8-7 ಇದ್ದಾಗ ತಮ್ಮದೇ ಸರ್ವ್‌ನಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳೂ (ಗೆದ್ದರೆ ಪ್ರಶಸ್ತಿಯೇ ದಕ್ಕುವ ಪಾಯಿಂಟ್‌ಗಳು) ಫೆಡರರ್ ಕೈಯಲ್ಲಿದ್ದವು. ಟ್ರೋಫಿ ಜೊಕೊವಿಚ್ ಪಾಲಾಯಿತು. ಗೇಮ್‌ಗಳು ಸಮವಾದಾಗ ಸೆಟ್ ತೀರ್ಮಾನಿಸುವ ಟೈಬ್ರೇಕ್ ಮೂರನ್ನೂ ಅವರೇ ಗೆದ್ದಿದ್ದರು. ಆ ಪಂದ್ಯದ ಮಾರನೆಯ ದಿನ ಇಬ್ಬರಲ್ಲಿ ಯಾರು ಉತ್ತಮ ಫಾರ್ಮ್‌ನಲ್ಲಿದ್ದಾರೆ ಎಂದು ಕೇಳಿದ್ದರೆ ಪ್ರಾಮಾಣಿಕ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು.

ಹಾಗೆಂದು ಎಲ್ಲವೂ ಅದೃಷ್ಟ ಎಂದು ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ಸುಳಿವುಗಳು ಇದ್ದೇ ಇರುತ್ತವೆ, ಅವನ್ನು ಸರಿಯಾದ ಜಾಗದಲ್ಲಿ ಹುಡುಕಬೇಕು. ಇದಕ್ಕೆ ನಾನು ಸದಾ ನೆನೆಯುವುದು 2009ರ ಮೇ ತಿಂಗಳನ್ನು. ಆ ತಿಂಗಳ ಆರಂಭದ ಹೊತ್ತಿಗೆ ರೋಮ್‌ನಲ್ಲಿ ರಫೆಲ್ ನಡಾಲ್ ಅವರು ಸ್ವೀಡನ್ನಿನ ರಾಬಿನ್ ಸೋಡರ್ಲಿಂಗ್ ಅವರನ್ನು 6-1, 6-0ರಿಂದ ಸದೆಬಡಿದಿದ್ದರು. ಮೇ 31ರಂದು ಫ್ರೆಂಚ್ ಓಪನ್‌ನ ನಾಲ್ಕನೇ ಸುತ್ತಿನಲ್ಲಿ ಅದೇ ಸೋಡರ್ಲಿಂಗ್ ನಡಾಲ್‌ರನ್ನು ನಾಲ್ಕು ಸೆಟ್‌ಗಳಲ್ಲಿ ಸೋಲಿಸಿದರು. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲಾಂ ಗ್ಯಾರೊದಲ್ಲಿ ಅಲ್ಲಿಯವರೆಗೆ ಆಡಿದ 31 ಪಂದ್ಯಗಳಲ್ಲಿ ಒಂದನ್ನೂ ಸೋಲದಿದ್ದ ನಡಾಲ್‌ಗೆ ಅದು ಮೊದಲ ಸೋಲು.

ಜಗತ್ತು ಬೆರಗಾಯಿತು. ಆದರೆ ರೋಮ್ ಮತ್ತು ಪ್ಯಾರಿಸ್ ನಡುವೆ ಮ್ಯಾಡ್ರಿಡ್ ಇತ್ತು. ಅಲ್ಲಿನ ಸೆಮಿಫೈನಲ್‌ನಲ್ಲಿ ನಡಾಲ್ ಜೊಕೊವಿಚ್ ಎದುರು ನಾಲ್ಕು ಗಂಟೆಗಳಿಗೂ ಮೀರಿ ಆಡಿ ಗೆದ್ದು, ಮರುದಿನ ಫೈನಲ್‌ನಲ್ಲಿ ಫೆಡರರ್‌ಗೆ 6-4, 6-4ರಿಂದ ಸೋತಿದ್ದರು. ಆ ಸೋಲನ್ನು ಬಹಳಷ್ಟು ಜನ ಪಕ್ಕಕ್ಕೆ ಸರಿಸಿದರು. ಮ್ಯಾಡ್ರಿಡ್ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ಚೆಂಡು ಬೇಗ ಸಾಗುತ್ತದೆ, ಆದ್ದರಿಂದ ಅದು ನಿಜವಾದ ಆವೆಮಣ್ಣಿನ ಆಟವಲ್ಲ ಎಂಬ ವಾದ ಅವರದು. ವಾದದಲ್ಲಿ ಹುರುಳಿಲ್ಲವೆಂದಲ್ಲ. ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ, ಕಬ್ಬನ್ ಉದ್ಯಾನದ ಟೆನಿಸ್ ಅಂಕಣಗಳಿಗೆ ಚೆನ್ನೈನಿಂದಲೋ ಮಂಗಳೂರಿನಿಂದಲೋ ಬಂದು ಆಡುವವರ ಚೆಂಡು ಮೊದಮೊದಲು ಗೆರೆ ದಾಟಿ ಹೋಗುವುದು ಇದೇ ಕಾರಣಕ್ಕೆ. ಆದರೆ ನಡಾಲ್ ವಿಷಯದಲ್ಲಿ ಎತ್ತರದ ಜೊತೆಗೆ ಇನ್ನೊಂದು ಕಾರಣವೂ ಇತ್ತು: ಮೊಣಕಾಲು. ಪ್ಯಾರಿಸ್ ನಂತರ ಅವರು ಆ ವರ್ಷದ ವಿಂಬಲ್ಡನ್‌ನಿಂದಲೇ ಹಿಂದೆ ಸರಿದರು.

ಇನ್ನು ಸೋಡರ್ಲಿಂಗ್ ಅವರ ತಂತ್ರ. ನಡಾಲ್ ಅವರ ಟಾಪ್‌ಸ್ಪಿನ್ ಚೆಂಡು ಆವೆಮಣ್ಣಿನಲ್ಲಿ ಭುಜದ ಎತ್ತರಕ್ಕೆ ಪುಟಿಯುತ್ತದೆ, ಹೆಚ್ಚಿನವರು ಅದನ್ನು ಎದುರಿಸಲು ಹಿಂದೆ ಸರಿಯುತ್ತಾರೆ. ಒಮ್ಮೆ ಹಿಂದೆ ಸರಿದರೆ ಪಂದ್ಯ ನಡಾಲ್ ಕೈಸೇರಿತೆಂದೇ ಅರ್ಥ. 1.93 ಮೀಟರ್ ಎತ್ತರದ ಸೋಡರ್ಲಿಂಗ್‌ಗೆ ಆ ಚೆಂಡು ಹೊಡೆಯಲು ಅನುಕೂಲವಾದ ಮಟ್ಟದಲ್ಲೇ ಬಂದು ನಿಲ್ಲುತ್ತಿತ್ತು. ಅಂದು ಅವರು ಅಂಕಣದ ಹಿಂಗೆರೆಯಾದ ಬೇಸ್‌ಲೈನ್ ಬಿಟ್ಟುಕೊಡದೆ ಚಪ್ಪಟೆ ಹೊಡೆತಗಳಿಂದ ನಡಾಲ್‌ರನ್ನೇ ಓಡಾಡಿಸಿದರು. ರೋಮ್‌ನಲ್ಲಿ ಗುರಿ ತಪ್ಪುತ್ತಿದ್ದ ಹೊಡೆತಗಳು ಪ್ಯಾರಿಸ್‌ನಲ್ಲಿ ಗೆರೆಯೊಳಗೆ ಬಿದ್ದವು. ಮರುವರ್ಷ ಫೈನಲ್‌ನಲ್ಲಿ ಅದೇ ತಂತ್ರದೊಂದಿಗೆ ಬಂದ ಸೋಡರ್ಲಿಂಗ್‌ರನ್ನು, ಕಾಲು ನೆಟ್ಟಗಿದ್ದ ನಡಾಲ್ ನೇರ ಸೆಟ್‌ಗಳಲ್ಲಿ ಸೋಲಿಸಿದರು.

ಇಬ್ಬರ ನಡುವಿನ ಒಟ್ಟು ಗೆಲುವು-ಸೋಲಿನ ಲೆಕ್ಕವನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಫೆಡರರ್ ವಿರುದ್ಧ ನಡಾಲ್ 24–16ರಿಂದ ಮುಂದಿದ್ದಾರೆ ಎಂಬುದು ಅಭಿಮಾನಿಗಳ ಜಗಳದಲ್ಲಿ ಪದೇಪದೇ ಬರುವ ಮಾತು. ಅಂಕಣಗಳ ಪ್ರಕಾರ ಬಿಡಿಸಿದರೆ ಆವೆಮಣ್ಣಿನಲ್ಲಿ ನಡಾಲ್ 14–2, ಹಾರ್ಡ್ ಕೋರ್ಟ್‌ನಲ್ಲಿ ಫೆಡರರ್ 11–9, ಹುಲ್ಲಿನಲ್ಲಿ ಫೆಡರರ್ 3–1. ಎಡಗೈ ಆಟಗಾರ ನಡಾಲ್ ಅವರ ಅಡ್ಡ ಫೋರ್‌ಹ್ಯಾಂಡ್, ಬಲಗೈ ಆಟಗಾರ ಫೆಡರರ್ ಅವರ ಒಂಟಿಗೈ ಬ್ಯಾಕ್‌ಹ್ಯಾಂಡ್‌ಗೆ ಎತ್ತರದಲ್ಲಿ ಬಂದು ಬೀಳುತ್ತಿತ್ತು ಎಂಬುದು ಈ ಪೈಪೋಟಿಯ ತಿರುಳು. 2007ರ ವಿಂಬಲ್ಡನ್ ಫೈನಲ್ ಸೋತ ನಂತರ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಇಬ್ಬರೂ ಎದುರಾದ ಆರು ಸಲವೂ ನಡಾಲ್‌ರೇ ಗೆದ್ದಿದ್ದರು. ಆರು ತಿಂಗಳು ಆಟದಿಂದ ದೂರವಿದ್ದು 2017ರ ಆಸ್ಟ್ರೇಲಿಯನ್ ಓಪನ್‌ಗೆ ಮರಳಿದ 35 ವರ್ಷದ ಫೆಡರರ್ ಫೈನಲ್ ಗೆಲ್ಲುತ್ತಾರೆ ಎಂದು ಆ ಪಟ್ಟಿ ನೋಡಿ ಹೇಳಲು ಯಾರಿಗೆ ಸಾಧ್ಯವಿತ್ತು? ಐದನೇ ಸೆಟ್‌ನಲ್ಲಿ 1-3ರಿಂದ ಹಿಂದಿದ್ದವರು ಸತತ ಐದು ಗೇಮ್ ಗೆದ್ದರು. ಅಂದು ಅವರು ಬ್ಯಾಕ್‌ಹ್ಯಾಂಡ್‌ನಲ್ಲಿ ಸ್ಲೈಸ್ ಮಾಡಿ (ಚೆಂಡಿನ ಅಡಿ ಸವರಿ ನಿಧಾನಗೊಳಿಸಿ) ಕಾಯುವ ಹಳೆಯ ಅಭ್ಯಾಸ ಬಿಟ್ಟು, ಚೆಂಡು ಮೇಲೇರುವ ಮೊದಲೇ ರಭಸದಿಂದ ಹೊಡೆದರು. 90 ಚದರ ಇಂಚಿನ ರ‍್ಯಾಕೆಟ್ ಬಿಟ್ಟು 97 ಇಂಚಿನದಕ್ಕೆ 2014ರಲ್ಲಿ ಬದಲಾಯಿಸಿಕೊಂಡಿದ್ದು ಆ ಹೊಡೆತಕ್ಕೆ ಧೈರ್ಯ ತಂದಿತ್ತು. ಆ ವರ್ಷ ಇಂಡಿಯನ್ ವೆಲ್ಸ್, ಮಯಾಮಿ, ಶಾಂಘೈ ಮೂರೂ ಕಡೆ ನಡಾಲ್ ಎದುರು ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಗೆದ್ದದ್ದು, ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಡೆದದ್ದು ಆಕಸ್ಮಿಕವಲ್ಲ ಎಂಬುದಕ್ಕೆ ಸಾಕ್ಷಿ.

ಸೋತವರು ಕಲಿಯುತ್ತಾರೆ. ನಮ್ಮ ಚರ್ಚೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಅಂಶ ಇದು. ಯಾನಿಕ್ ಸಿನ್ನರ್ ಮತ್ತು ಕಾರ್ಲೊಸ್ ಅಲ್ಕರಾಜ್ ಅವರ 2025ನೇ ವರ್ಷವನ್ನು ನೋಡಿ. ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸಿನ್ನರ್ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಕೈಚೆಲ್ಲಿ 5 ಗಂಟೆ 29 ನಿಮಿಷಗಳ ನಂತರ ಸೋತರು. ಅಂಥ ಸೋಲಿನಿಂದ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು ಎಂದವರೇ ಹೆಚ್ಚು. ಐದು ವಾರಗಳಲ್ಲಿ ಅವರು ವಿಂಬಲ್ಡನ್ ಫೈನಲ್‌ನಲ್ಲಿ ಅಲ್ಕರಾಜ್‌ರನ್ನು ಮೊದಲ ಸೆಟ್ ಕಳೆದುಕೊಂಡ ಮೇಲೂ ಸೋಲಿಸಿದರು. ಆಗಸ್ಟ್‌ನಲ್ಲಿ ಸಿನ್ಸಿನಾಟಿ ಫೈನಲ್‌ನಲ್ಲಿ ಅನಾರೋಗ್ಯದಿಂದ 0-5 ಇದ್ದಾಗ ಸಿನ್ನರ್ ಆಟ ನಿಲ್ಲಿಸಿದರು. ದಾಖಲೆಯಲ್ಲಿ ಅದು ಅಲ್ಕರಾಜ್ ಗೆಲುವು, ಫಾರ್ಮ್ ಬಗ್ಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಫೈನಲ್ ಅಲ್ಕರಾಜ್ ಪಾಲಾಯಿತು. ತಾನು ಎದುರಾಳಿಗೆ ಊಹಿಸಲು ಸುಲಭವಾಗುವಂತೆ ಒಂದೇ ರೀತಿ ಆಡುತ್ತಿದ್ದೇನೆ, ಕೆಲವು ಪಂದ್ಯ ಸೋತರೂ ಸರಿ, ಆಟದಲ್ಲಿ ಬದಲಾವಣೆ ತರಬೇಕು ಎಂದು ಸಿನ್ನರ್ ಅಂದು ಮುಚ್ಚುಮರೆಯಿಲ್ಲದೆ ಹೇಳಿದರು. ನವೆಂಬರ್‌ನಲ್ಲಿ ಟ್ಯೂರಿನ್‌ನ ಒಳಾಂಗಣ ಅಂಕಣದಲ್ಲಿ ವರ್ಷದ ಕೊನೆಯ ಫೈನಲ್ ಅನ್ನು 7-6, 7-5ರಿಂದ ಗೆದ್ದರು. ಪ್ರತಿ ಸಲವೂ ಹಿಂದಿನ ಸ್ಕೋರು ನೋಡಿ ಭವಿಷ್ಯ ಹೇಳಿದವರು ಈ ಸರಣಿಯಲ್ಲಿ ಮತ್ತೆಮತ್ತೆ ತಪ್ಪುತ್ತಿದ್ದರು.

ಹಾಗಾದರೆ ಮುಂದಿನ ಪಂದ್ಯಕ್ಕೆ ಮುನ್ನ ಏನನ್ನು ನೋಡಬೇಕು? ನನ್ನ ಮಟ್ಟಿಗೆ ಮೊದಲನೆಯದು ಎರಡನೇ ಸರ್ವ್. ಮೊದಲ ಸರ್ವ್ ಚೆನ್ನಾಗಿ ಬೀಳುವ ದಿನ ಎಲ್ಲರೂ ಬಲಶಾಲಿಗಳೇ. ಎರಡನೇ ಸರ್ವ್ ಮೇಲೆ ಗೆಲ್ಲುವ ಪಾಯಿಂಟ್‌ಗಳ ಪ್ರಮಾಣ ಕೆಲವು ಪಂದ್ಯಗಳಿಂದ ಇಳಿಯುತ್ತಿದ್ದರೆ, ಆ ಆಟಗಾರ ಗೆಲ್ಲುತ್ತಿದ್ದರೂ ತೊಂದರೆ ಹತ್ತಿರದಲ್ಲಿದೆ ಎಂದು ತಿಳಿಯುತ್ತೇನೆ. ಆಮೇಲೆ ಹಿಂದಿನ ಸುತ್ತುಗಳಲ್ಲಿ ಅಂಕಣದಲ್ಲಿ ಕಳೆದ ಗಂಟೆಗಳು, ಅಂಕಣದ ವೇಗ, ಇಬ್ಬರ ಹೊಡೆತಗಳು ಪರಸ್ಪರ ಎಲ್ಲಿ ಸಂಧಿಸುತ್ತವೆ ಎಂಬುದು. ರ‍್ಯಾಂಕಿಂಗ್ ನನಗೆ ಕೊನೆಯದು, ಏಕೆಂದರೆ ಅದು 52 ವಾರಗಳ ಗಳಿಕೆಯ ಮೊತ್ತ. ಹತ್ತು ತಿಂಗಳ ಹಿಂದಿನ ಟ್ರೋಫಿಯೂ ಅದರಲ್ಲಿ ಕುಳಿತಿರುತ್ತದೆ. ‘ಮನಸ್ಸು ಕುಗ್ಗಿದೆ’ ಎಂಬ ಅಭಿಮಾನಿಗಳ ನೆಚ್ಚಿನ ತೀರ್ಪನ್ನು, ಆಟಗಾರರೇ ಹೇಳದ ಹೊರತು, ನಾನು ಮುಟ್ಟುವುದಿಲ್ಲ. ಶ್ವಾಂಟೆಕ್, ಸಿನ್ನರ್ ಇಬ್ಬರ ವಿಷಯದಲ್ಲೂ ಆ ತೀರ್ಪು ಕೆಲವೇ ವಾರಗಳಲ್ಲಿ ಸುಳ್ಳಾಯಿತು.

ಪಂದ್ಯ ಶುರುವಾದ ಮೇಲಂತೂ ಸ್ಕೋರ್ ಫಲಕವನ್ನು ಸ್ವಲ್ಪ ಹೊತ್ತು ಮರೆತು, ಮೊದಲ ನಾಲ್ಕು ಗೇಮ್‌ಗಳಲ್ಲಿ ಎರಡನೇ ಸರ್ವ್ ಎದುರಿಸುವಾಗ ಆಟಗಾರರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ನೋಡಿ. ಕಳೆದ ಸಲ ಬೇಸ್‌ಲೈನ್‌ನ ಹಿಂದೆ ನಿಂತಿದ್ದವರು ಈ ಸಲ ಅಂಕಣದ ಒಳಗೇ ಕಾಲಿಟ್ಟು ಕಾಯುತ್ತಿದ್ದರೆ ತಂತ್ರ ಬದಲಾಗಿದೆ ಎಂದರ್ಥ. ನಿಮ್ಮ ಚರ್ಚೆಯನ್ನು ಆ ಎರಡು ಹೆಜ್ಜೆಗಳಿಂದ ಆರಂಭಿಸಿ.