ತಾಗಿತೋ ಇಲ್ಲವೋ ಎಂದು ಕೇಳಬೇಡಿ

ಫುಟ್‌ಬಾಲ್ ಪಂದ್ಯ ಮುಗಿಸಿ ಶೂ ಬಿಚ್ಚುವಷ್ಟರಲ್ಲಿ ಯಾರಾದರೂ ಮೊಬೈಲ್ ಹಿಡಿದು ಬಂದೇ ಬರುತ್ತಾರೆ. ‘ನೋಡಿ ಸರ್, ಕಾಲು ತಾಗಿಯೇ ಇಲ್ಲ. ಬರೀ ನಾಟಕ. ಹಳದಿ ಕಾರ್ಡ್ ಏಕೆ ಕೊಡಲಿಲ್ಲ?’ ಮರುವಾರ ಅದೇ ಜನ: ‘ತಾಗಿದ್ದು ಕಾಣುತ್ತಿದೆಯಲ್ಲ ಸರ್, ಪೆನಾಲ್ಟಿ ಏಕಿಲ್ಲ?’ ಹದಿನೆಂಟು ವರ್ಷಗಳಿಂದ ಲೀಗ್ ಪಂದ್ಯಗಳಲ್ಲಿ ರೆಫರಿಯಾಗಿ ಸೀಟಿ ಊದುತ್ತಿದ್ದೇನೆ. ಮೂರನೆಯ ಪ್ರಶ್ನೆ ಇನ್ನೂ ಬಂದಿಲ್ಲ.

ತಾಗಿತೇ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಆಟದ 12ನೇ ನಿಯಮ ಎದುರಾಳಿಯನ್ನು ಒದೆಯುವುದನ್ನಷ್ಟೇ ಅಲ್ಲ, ಒದೆಯಲು ಯತ್ನಿಸುವುದನ್ನೂ ಫೌಲ್ ಎನ್ನುತ್ತದೆ. ಎರಡೂ ಕಾಲು ಚಾಚಿ ಜಾರಿಕೊಂಡು ಬರುವ ಡಿಫೆಂಡರ್‌ನಿಂದ ಮೊಣಕಾಲು ಉಳಿಸಿಕೊಳ್ಳಲು ಹಾರಿ ಬಿದ್ದವನು ಮೋಸಗಾರನಲ್ಲ. ಕೂದಲು ಸೋಕದಿದ್ದರೂ ಅವನಿಗೆ ಫ್ರೀ ಕಿಕ್ ಸಿಗಬಹುದು. ಹಾಗೆಯೇ, ತಾಗಿದ ಮಾತ್ರಕ್ಕೆ ಬಿದ್ದವನು ಸಾಚಾ ಆಗುವುದಿಲ್ಲ. 2017ರ ನವೆಂಬರ್‌ನಲ್ಲಿ ಎವರ್ಟನ್ ತಂಡದ ಉಮರ್ ನಿಯಾಸ್ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಪೆನಾಲ್ಟಿ ಗಿಟ್ಟಿಸಿದರು. ಎದುರಾಳಿ ತಾಗಿದ್ದು ನಿಜ, ಆದರೆ ಆ ಪರಿ ಬೀಳುವಷ್ಟಲ್ಲ ಎಂದು ಇಂಗ್ಲೆಂಡಿನ ಶಿಸ್ತು ಸಮಿತಿ 2 ಪಂದ್ಯಗಳ ನಿಷೇಧ ಹಾಕಿತು. ಇನ್ನು ಎಡವಿದವರು, ಒದ್ದೆ ಹುಲ್ಲಿನಲ್ಲಿ ಜಾರಿದವರು ಇದ್ದಾರೆ. ಅಲ್ಲಿ ಫೌಲೂ ಇಲ್ಲ, ಕಾರ್ಡೂ ಇಲ್ಲ, ಆಟ ಮುಂದುವರಿಯುತ್ತದೆ. ಬೀಳುವುದು ಅಪರಾಧವಲ್ಲ ಸ್ವಾಮಿ! ಬಿದ್ದವನು ನೆಲದಿಂದಲೇ ರೆಫರಿಯತ್ತ ಕಣ್ಣು ಹಾಯಿಸಿದರೆ ಅದೊಂದು ಸುಳಿವು, ಸಾಕ್ಷಿ ಎನ್ನಲಾರೆ.

ಕೆಂಪು ಕಾರ್ಡ್ ತೋರಿಸಿ ಎನ್ನುವವರಿಗೂ ಒಂದು ಮಾತು. ನಟನೆಗೆ ಮೈದಾನದಲ್ಲಿ ನಮ್ಮ ಕೈಯಲ್ಲಿರುವುದು ಹಳದಿ ಮಾತ್ರ. ಹೆಚ್ಚಿನ ಶಿಕ್ಷೆ ಆಮೇಲೆ ವಿಡಿಯೊ ನೋಡುವವರ ಕೆಲಸ. ಅವರೂ ಕೆಲವೊಮ್ಮೆ ಕೈ ಬಿಗಿ ಹಿಡಿಯುತ್ತಾರೆ. 2002ರ ವಿಶ್ವಕಪ್‌ನಲ್ಲಿ ಟರ್ಕಿಯ ಹಕಾನ್ ಉನ್ಸಾಲ್ ಒದ್ದ ಚೆಂಡು ಕಾಲಿಗೆ ಬಡಿದರೆ ಬ್ರೆಜಿಲ್‌ನ ರಿವಾಲ್ಡೊ ಮುಖ ಹಿಡಿದುಕೊಂಡು ಉರುಳಿದರು. ಉನ್ಸಾಲ್ ಎರಡನೇ ಹಳದಿ ಪಡೆದು ಹೊರನಡೆದರು. ರಿವಾಲ್ಡೊಗೆ ಬಿದ್ದದ್ದು ಸುಮಾರು 11,500 ಸ್ವಿಸ್ ಫ್ರಾಂಕ್ ದಂಡ, ಅಷ್ಟೇ. ಅಂಥ ಆಟಗಾರರಿಗೆ ಅದು ಕಾಫಿ ಖರ್ಚು. ನಾಲ್ಕು ಪಂದ್ಯ ಹೊರಗೆ ಕೂರಿಸಬೇಕಿತ್ತು ಎಂಬುದು ನನ್ನ ಸ್ವಂತ ಅಭಿಪ್ರಾಯ. ಆದರೆ ಅರೆಕ್ಷಣದಲ್ಲಿ, ಒಂದೇ ಕೋನದಿಂದ ನೋಡಿದ ನನ್ನಂಥವನು ಆ ಶಿಕ್ಷೆ ಕೊಡುವುದು ಬೇಡ.

ಹಾಗೇಕೆ ಹೇಳುತ್ತೇನೆಂದರೆ, ಒಮ್ಮೆ ಮಳೆಗಾಲದ ಪಂದ್ಯವೊಂದರಲ್ಲಿ ಒಬ್ಬ ಹುಡುಗ ಮೂರು ಸಲ ಬಿದ್ದ. ಮೂರನೆಯ ಸಲ ನನ್ನ ತಾಳ್ಮೆ ಕೆಟ್ಟಿತು. ‘ಏಳಪ್ಪಾ, ಸಾಕು’ ಎಂದು ಹಳದಿ ಕಾರ್ಡ್ ಎತ್ತಿದೆ. ಅವನು ಏಳಲಿಲ್ಲ. ಪಾದದ ಗಂಟು ಮುರಿದಿತ್ತು. ಮರುದಿನ ಆಸ್ಪತ್ರೆಗೆ ಕಿತ್ತಳೆ ಹಣ್ಣು ಹಿಡಿದು ಹೋಗಿ ಕ್ಷಮೆ ಕೇಳಿದೆ. ಹುಡುಗ ನಾಚಿಕೊಂಡ. ‘ನಿಮ್ಮ ತಪ್ಪೇನಿಲ್ಲ ಸರ್, ಮೊದಲ ಎರಡು ಸಲ ಬಿದ್ದದ್ದು ಸುಳ್ಳೇ’ ಎಂದ.

ಆ ಎರಡಕ್ಕೂ ನಾನು ಫ್ರೀ ಕಿಕ್ ಕೊಟ್ಟಿದ್ದೆ.