ಮಂಡಿ ಸವೆತ ಬರೀ ದುಡಿಮೆಯಿಂದಲೇ?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಮಂಡಿ ನೋವಿನ ಮಾತು ಜಾಸ್ತಿ. ‘ಗ್ರೀಸ್ ಖಾಲಿಯಾಗಿದೆ’ ಅಂತ ನಕ್ಕು ಸುಮ್ಮನಾಗುತ್ತಾರೆ. ನಮ್ಮ ಭಾಷೆಯಲ್ಲಿ ಬಾಗಿಲಿಗೂ ಕೀಲು, ಗಾಡಿಗೂ ಕೀಲು, ಮೈಗೂ ಕೀಲು. ತಿರುಗಿದಷ್ಟೂ ಸವೆಯುತ್ತದೆ ಅನ್ನಿಸುವುದು ಸಹಜ ಅಲ್ವಾ?

ವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು. 1950ರ ದಶಕದಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಕಲ್ಲಿದ್ದಲು ಗಣಿಯ ಕೆಲಸಗಾರರ ಕೀಲು ಪರೀಕ್ಷಿಸಿದರು. ಬಗ್ಗಿ, ಮಂಡಿಯೂರಿ ದುಡಿದವರಲ್ಲಿ ಮಂಡಿ ಸವೆತ ಹೆಚ್ಚಿತ್ತು. 1957ರಲ್ಲಿ ಅವರೇ ಎಕ್ಸ್‌ರೇ ನೋಡಿ ಸವೆತವನ್ನು 0ಯಿಂದ 4ರವರೆಗೆ ಅಳೆಯುವ ಕ್ರಮ ತಂದರು. ಇವತ್ತು ನಮ್ಮೂರ ಮೂಳೆ ಡಾಕ್ಟರು ‘ಗ್ರೇಡ್ ತ್ರೀ ಇದೆ’ ಅನ್ನುತ್ತಾರಲ್ಲ, ಅದು ಅದೇ ಅಳತೆ.

ಹಾಗಾಗಿ ತೋಟದವರ ಅನುಭವ ಸುಳ್ಳಲ್ಲ. ಇಳಿಜಾರಿನಲ್ಲಿ ಹಣ್ಣಿನ ಮೂಟೆ ಹೊರುವುದು, ಕುಕ್ಕರುಗಾಲಲ್ಲಿ ಕೂತು ಉದುರಿದ ಹಣ್ಣು ಹೆಕ್ಕುವುದು, ಎರಡೂ ಮಂಡಿಗೆ ಭಾರವೇ. ಆದರೆ ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತವರ ಮಂಡಿಯೂ ಹೋಗುತ್ತದೆ. ಅದು ಯಾಕೆ?

ಒಂದು ಉತ್ತರ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಅಧ್ಯಯನದಿಂದ ಬಂತು. ತೂಕ ಹೆಚ್ಚುವುದು ಮೊದಲು, ಮಂಡಿ ಕೆಡುವುದು ಆಮೇಲೆ ಎಂದು 1988ರಲ್ಲಿ ಗೊತ್ತಾಯಿತು. ಸುಮಾರು 5 ಕೆ.ಜಿ. ಇಳಿಸಿದ ಹೆಂಗಸರಲ್ಲಿ ನೋವಿನ ಮಂಡಿ ಸವೆತದ ಅಪಾಯ ಅರ್ಧಕ್ಕಿಳಿದಿತ್ತು ಎಂದು 1992ರಲ್ಲಿ ಹೇಳಿದರು. ಭಾರದ ಲೆಕ್ಕ ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ದಪ್ಪಗಿರುವವರಲ್ಲಿ ಕೈಬೆರಳಿನ ಗೆಣ್ಣುಗಳೂ ಹೆಚ್ಚು ಸವೆಯುತ್ತವೆ. ಬೆರಳ ಮೇಲೆ ಯಾರೂ ನಡೆಯಲ್ಲವಲ್ಲ! ಮೈಯ ಕೊಬ್ಬು ಸುಮ್ನೆ ಕೂತಿರಲ್ಲ. ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ.

ಮನೆತನದ ಪಾಲು ಎಷ್ಟು? ಅವಳಿ ಹೆಂಗಸರನ್ನು ಹೋಲಿಸಿದ 1996ರ ಬ್ರಿಟನ್ ಅಧ್ಯಯನ, ಕೈ ಮತ್ತು ಮಂಡಿಯ ಸವೆತದಲ್ಲಿ ಶೇ 39ರಿಂದ 65ರಷ್ಟು ವಂಶದ್ದು ಎಂದಿತು. ಮಲೆನಾಡಿಗೆ ಇದು ಹೊಸ ಸುದ್ದಿಯೇನಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕಂಡ ಕೀಲು ರೋಗ ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಇತ್ತು. ಚಿಕ್ಕ ವಯಸ್ಸಿನವರೇ ಸೊಂಟ, ಮಂಡಿ ಹಿಡಿದು ಕೂತರು. ಗದ್ದೆಗೆ ಹೊಡೆದ ಔಷಧಿ, ಅಲ್ಲಿನ ಏಡಿ ತಿಂದದ್ದು ಕಾರಣ ಅಂತ ಮೊದಲು ಮಾತಾಯಿತು. ಆಮೇಲೆ ಅದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ, ವಂಶದಲ್ಲಿ ಬರುವ ಕಾಯಿಲೆ ಎಂದು ತಿಳಿಯಿತು. ಸಾಮಾನ್ಯ ಮಂಡಿ ಸವೆತ ಬೇರೆ, ಇದು ಬೇರೆ. ಆದರೂ ಕಣ್ಣಿಗೆ ಕಾಣುವ ಕಾರಣವನ್ನೇ ಮೊದಲು ಹಿಡಿಯುವುದು ಎರಡರಲ್ಲೂ ನಡೆದಿದೆ.

ವಯಸ್ಸಂತೂ ಇದ್ದೇ ಇದೆ. 50 ದಾಟಿದ ಹೆಂಗಸರಿಗೆ ಅಪಾಯ ಹೆಚ್ಚು. ಕಬಡ್ಡಿಯಲ್ಲೋ ಬೈಕಿನಿಂದ ಬಿದ್ದೋ ಮಂಡಿಯ ಒಳಕಟ್ಟು (ಲಿಗಮೆಂಟ್) ಹರಿದವರಿಗೆ ಇನ್ನೂ ಬೇಗ.

ನನಗೆ ಅಚ್ಚರಿ ಅನ್ನಿಸಿದ್ದು 2017ರ ಒಂದು ಸಂಶೋಧನೆ. ಅಮೆರಿಕದ ಹಳೆಯ, ಹೊಸ ಅಸ್ಥಿಪಂಜರಗಳನ್ನು ಹೋಲಿಸಿ ನೋಡಿದರು. ವಯಸ್ಸು, ತೂಕ ಎರಡನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, 20ನೇ ಶತಮಾನದ ನಡುಭಾಗದ ಈಚೆಗೆ ಮಂಡಿ ಸವೆತ ಎರಡು ಪಟ್ಟಾಗಿತ್ತು. ಮೈಮುರಿದು ದುಡಿಯುವುದು ಕಡಿಮೆಯಾದ ಕಾಲದಲ್ಲಿ!

ಸವೆಯುವುದು ಮೂಳೆ ತುದಿಯ ಮೆತ್ತೆ. ಅದಕ್ಕೆ ರಕ್ತನಾಳಗಳೇ ಇಲ್ಲ. ಕೀಲು ಮಡಚಿ ಬಿಚ್ಚುವಾಗ ಒಳಗಿನ ದ್ರವ ಹಿಂಡಿ ಹೀರಿಕೊಂಡೇ ಅದಕ್ಕೆ ಊಟ. ನೋವು ಅಂತ ನಡೆಯುವುದನ್ನೇ ಬಿಟ್ಟರೆ ತೊಡೆಯ ಸ್ನಾಯುವೂ ಸೊರಗಿ, ಇದ್ದಬದ್ದ ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಎತ್ತಿ ಹಿಡಿಯಿರಿ ಅಂತ ಡಾಕ್ಟರು ಹೇಳಿಕೊಡುವುದು ಅದಕ್ಕೇ.