ಡಿಬೇಟ್ ಅಸೈನ್ಮೆಂಟ್: ಎದುರು ವಾದಾನ ಮೊದಲು ಗಟ್ಟಿಯಾಗಿ ಬರೀರಿ

ಡಿಗ್ರಿ ಮಕ್ಕಳ ಡಿಬೇಟ್ ಅಸೈನ್ಮೆಂಟ್ ತಿದ್ದೋವಾಗ ನಂಗೆ ಪ್ರತಿ ಸಲ ಕಾಣೋದು ಒಂದೇ ತೊಂದ್ರೆ. ಪರ ಅಂತ ಎರಡು ಪುಟ, ವಿರೋಧ ಅಂತ ಎರಡು ಪುಟ, ಇವರು ಹೇಳಿದ್ದಕ್ಕೆ ಅವರು ಉತ್ತರಾನೇ ಕೊಟ್ಟಿರಲ್ಲ. ಎರಡು ಪ್ರಬಂಧ ಸೇರಿಸಿ ಪಿನ್ ಹೊಡೆದಂಗಿರುತ್ತೆ.

ಒಂದು ವಿಷಯ ಇಟ್ಕೊಂಡೇ ನೋಡೋಣ: 1ರಿಂದ 4ನೇ ಕ್ಲಾಸ್‌ವರೆಗೆ ಮಾತೃಭಾಷೆ ಮೀಡಿಯಂ ಕಡ್ಡಾಯ ಆಗ್ಬೇಕು. ಮೊದಲ ಪ್ಯಾರಾದಲ್ಲಿ ಭಾಷೆಯ ಹಿರಿಮೆ ಬೇಡ, ಪದಗಳನ್ನ ಬಿಗಿ ಮಾಡ್ಕೊಳ್ಳಿ. ಕಡ್ಡಾಯ ಸರ್ಕಾರಿ ಶಾಲೆಗಷ್ಟೇನಾ, ಪ್ರೈವೇಟ್‌ಗೂನಾ? ಮನೇಲಿ ತುಳು ಮಾತಾಡೋ ಮಗೂಗೆ ಯಾವ ಮೀಡಿಯಂ? ಇಲ್ಲಿ ಸಡಿಲ ಬಿಟ್ರೆ ಮುಂದೆ ಪೂರ್ತಿ ಜಾರುತ್ತೆ.

ಪರ ವಾದಕ್ಕೆ ಎರಡು ಪಾಯಿಂಟ್ ಸಾಕು, ಆದ್ರೆ ಆಧಾರಾನ ಪೂರ್ತಿ ಓದಿ ಹಾಕಿ. ತುಂಬಾ ಜನ ಸಂವಿಧಾನದ 350ಎ ವಿಧಿ ತಂದು ಕನ್ನಡ ಕಡ್ಡಾಯಕ್ಕೆ ಬಳಸ್ತಾರೆ, ಅದು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಅವರ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯದ ಬಗ್ಗೆ ಇರೋದು. 2009ರ ಶಿಕ್ಷಣ ಹಕ್ಕು ಕಾಯ್ದೇಲಿ ಮಾತೃಭಾಷೆ ಮಾಧ್ಯಮದ ಮಾತಿದೆ ನಿಜ, ಜೊತೆಗೆ 'ಸಾಧ್ಯವಾದಷ್ಟು ಮಟ್ಟಿಗೆ' ಅಂತಾನೂ ಇದೆ, ಎದುರಿನವರು ಹಿಡಿಯೋದು ಅದನ್ನೇ.

ಈಗ ವಿರೋಧ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಅಂತ ಬರುತ್ತಲ್ಲ, ಎದುರಾಳಿ ವಾದಾನ ಮೊದಲು ಪೂರ್ತಿ ಮಂಡಿಸಿ ಆಮೇಲೇ ಖಂಡನೆ, ಕೊನೆಗೆ ಸಿದ್ಧಾಂತ, ಆ ಕ್ರಮ ಇವತ್ತಿಗೂ ನಂಗೆ ತುಂಬಾ ಇಷ್ಟ. 'ಇಂಗ್ಲಿಷ್ ಬಂದ್ರೆ ಕೆಲಸ ಸಿಗುತ್ತೆ' ಅಂತ ಸಪ್ಪೆ ವಾದ ಬರೆದು ಅದನ್ನ ಹೊಡೆದುಹಾಕೋದ್ರಲ್ಲಿ ಏನಿದೆ? ಗಟ್ಟಿ ವಾದ ಅಂದ್ರೆ 2014ರ ಸುಪ್ರೀಂ ಕೋರ್ಟ್ ತೀರ್ಪು. ಕರ್ನಾಟಕದ 1994ರ ಭಾಷಾ ನೀತಿ ಆದೇಶದ ಕೇಸಲ್ಲಿ ಐದು ಜಡ್ಜ್‌ಗಳ ಸಂವಿಧಾನ ಪೀಠ, ಪ್ರೈಮರೀಲಿ ಮಾತೃಭಾಷೆ ಮೀಡಿಯಂನ ಸರ್ಕಾರ ಹೇರೋಕಾಗಲ್ಲ ಅಂತು. ಅದನ್ನೇ ತನ್ನಿ.

ಖಂಡನೆಗೆ ಜಾಗ ಜಾಸ್ತಿ ಕೊಡಿ, ಸಾವಿರ ಪದದ ಅಸೈನ್ಮೆಂಟ್ ಆದ್ರೆ ನಾನೂರಾದ್ರೂ ಇರ್ಲಿ. ತೀರ್ಪು ಓದಿದೋರಿಗೆ ಒಂದು ಎಳೆ ಸಿಗುತ್ತೆ: ಮಾತೃಭಾಷೆಯಲ್ಲಿ ಮಕ್ಕಳು ಚೆನ್ನಾಗಿ ಕಲೀತಾರೆ ಅನ್ನೋದನ್ನ ಕೋರ್ಟ್ ತಳ್ಳಿಹಾಕಿಲ್ಲ, ತಜ್ಞರೆಲ್ಲ ಹಾಗೇ ಹೇಳಿದ್ರೂ ಕಡ್ಡಾಯ ಮಾಡೋಕಾಗಲ್ಲ ಅಂದಿದ್ದು. ಅಲ್ಲಿಗೆ ಜಗಳ 'ಒಳ್ಳೇದಾ' ಅನ್ನೋದ್ರಿಂದ 'ಬಲವಂತ ಮಾಡಬಹುದಾ' ಅನ್ನೋದಕ್ಕೆ ಬಂತು, ನಿಮ್ಮ ಬರಹದ ನಡುಬಿಂದು ಅದೇ.

ಬರೆದಾದ್ಮೇಲೆ ಖಂಡನೆಯ ಪ್ರತಿ ಪ್ಯಾರಾ ಪಕ್ಕ, ಇದು ಎದುರಿನವರ ಯಾವ ವಾಕ್ಯಕ್ಕೆ ಉತ್ತರ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಯಾವುದಕ್ಕೂ ಅಲ್ಲ ಅಂತ ಕಂಡ್ರೆ ಆ ಪ್ಯಾರಾ ತೆಗೆದುಬಿಡಿ.